ಹಳೇ ತಳಿ ನೋಂದಣಿ ದಾಖಲೆ ಕಂಪ್ಯೂಟರ್‌ಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತೋಟಗಾರಿಕೆ ಸಂಘದಲ್ಲಿ ಸದಸ್ಯರು ಬೆಳೆಸಿದ ಹೊಸ ಹೂವಿನ ತಳಿಗಳನ್ನ ನೋಂದಣಿ ಮಾಡಿರೋ ಹಳೇ ರಿಜಿಸ್ಟರ್, ಕಾರ್ಡು, ಅರ್ಜಿ ಫಾರಂ ಎಲ್ಲಾ ಬೀರು ತುಂಬಾ ಇವೆ, ಕೆಲವು ಹಾಳೆ ಮುಟ್ಟಿದ್ರೆ ಪುಡಿಯಾಗ್ತಿವೆ. ಇದನ್ನ ಕಂಪ್ಯೂಟರ್‌ಗೆ ಹಾಕೋ ಜವಾಬ್ದಾರಿ ನನಗೆ ಬಂದಿದೆ. ಸ್ಕ್ಯಾನ್ ಮಾಡಿ ಪಿಡಿಎಫ್ ಇಟ್ರೆ ಸಾಕಾ, ಟೈಪೂ ಮಾಡ್ಬೇಕಾ? ಟೈಪ್ ಮಾಡುವಾಗ ಹಳೇ ಸ್ಪೆಲ್ಲಿಂಗ್ ತಪ್ಪುಗಳನ್ನ ಸರಿ ಮಾಡ್ಕೊಂಡು ಹೋಗ್ಬಹುದಾ?

ಉತ್ತರ: ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಯಾಕಂದ್ರೆ ಇಡೀ ಕೆಲಸ ನಿಂತಿರೋದೇ ಅದರ ಮೇಲೆ. ಸರಿ ಮಾಡ್ಬೇಡಿ. ಕಾರ್ಡಲ್ಲಿ ಏನಿದ್ಯೋ ಅದನ್ನ ಅಕ್ಷರ ಅಕ್ಷರ ಹಾಗೇ ಟೈಪ್ ಮಾಡಿ, ನಿಮಗೆ ಸರಿ ಅನ್ಸಿದ್ದನ್ನ ಪಕ್ಕದ ಬೇರೆ ಕಾಲಂನಲ್ಲಿ ಹಾಕಿ, ಯಾರು ಯಾವಾಗ ಯಾಕೆ ತಿದ್ದಿದ್ರು ಅಂತ ಇನ್ನೊಂದು ಕಾಲಂ ಇರ್ಲಿ.

ತಳಿ ನೋಂದಣಿ ಅಂದ್ರೆ ಒಂದು ಹೆಸರು ಒಂದು ಗಿಡಕ್ಕೆ ಯಾವತ್ತು ಸೇರ್ತು ಅನ್ನೋದಕ್ಕೆ ಸಾಕ್ಷಿ. ಬೆಳೆಸಿದ ಗಿಡಗಳ ಹೆಸರಿಗೇ ಅಂತ 1953ರಿಂದ ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ, ಅದರ ಪ್ರಕಾರ ಒಂದು ಗುಂಪಲ್ಲಿ ಒಂದು ಹೆಸರು ಒಂದು ತಳಿಗೆ ಹೋದ್ಮೇಲೆ ಅದೇ ಗುಂಪಿನ ಇನ್ನೊಂದು ತಳಿಗೆ ಅದನ್ನ ಇಡೋ ಹಾಗಿಲ್ಲ. ಅಂತರರಾಷ್ಟ್ರೀಯ ತೋಟಗಾರಿಕಾ ವಿಜ್ಞಾನ ಸೊಸೈಟಿಯವರು ಒಂದೊಂದು ಗಿಡದ ಗುಂಪಿಗೂ ಒಂದೊಂದು ನೋಂದಣಿ ಸಂಸ್ಥೆನ ನೇಮಿಸಿದ್ದಾರೆ. ಗುಲಾಬಿಗೆ ಅಮೆರಿಕನ್ ರೋಸ್ ಸೊಸೈಟಿ, ಡ್ಯಾಫೊಡಿಲ್, ಡೇಲಿಯಾ, ಲಿಲ್ಲಿ, ಆರ್ಕಿಡ್ ಹೈಬ್ರಿಡ್‌ಗಳಿಗೆ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ, ಬೋಗನ್‌ವಿಲ್ಲಾಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ. ಅವರ ಪಟ್ಟಿ ಮತ್ತೆ ನಿಮ್ಮ ಸಂಘದ ಪಟ್ಟಿ ತಾಳೆ ನೋಡೋ ದಿನ ಬಂದಾಗ ಹಳೇ ಕಾರ್ಡಲ್ಲಿ ಮೂಲತಃ ಏನಿತ್ತು ಅನ್ನೋದೇ ಬೇಕಾಗೋದು. ನೀವು ಒಳ್ಳೇ ಮನಸ್ಸಿಂದ ತಿದ್ದಿದ ಒಂದಕ್ಷರ ಆ ಗಿಡನ ಬೇರೆ ಗಿಡ ಮಾಡ್ಬಿಡಬಹುದು.

ಇನ್ನೊಂದು, ತಪ್ಪು ಅಂತ ಕಾಣೋದೆಲ್ಲ ತಪ್ಪಲ್ಲ. 1959ರ ಜನವರಿ 1ರಿಂದ ಈಚೆಗೆ ಹೊಸ ತಳಿಗೆ ಲ್ಯಾಟಿನ್ ಹೆಸರು ಇಡೋ ಹಾಗಿಲ್ಲ, ಆದ್ರೆ ಅದಕ್ಕೂ ಹಿಂದಿನ ಕಾರ್ಡಲ್ಲಿ ಲ್ಯಾಟಿನ್ ಹೆಸರು ಇದ್ರೆ ಅದು ಪೂರ್ತಿ ಸಿಂಧು. ಹೊಸಬರು ಅದನ್ನ ನೋಡಿ ಗಾಬರಿಯಾಗಿ ಬದಲಾಯಿಸೋಕೆ ಹೋಗ್ತಾರೆ.

ಒಂದು ಕಾರ್ಡನ್ನ ಹತ್ತಿರದಿಂದ ನೋಡೋಣ. ಹೆಸರು ಇಂಕಲ್ಲಿ ಬರೆದಿದೆ ಅಂದ್ಕೊಳ್ಳಿ, ಅದರಲ್ಲಿ ಒಂದಕ್ಷರ ಹೊಡೆದು ಮೇಲೆ ಪೆನ್ಸಿಲ್ಲಲ್ಲಿ ಇನ್ನೊಂದು ಬರ್ದಿದೆ, ತಾರೀಕು 5/4/61 ಅಂತಿದೆ, ತಂದೆ ತಾಯಿ ಗಿಡದ ಜಾಗದಲ್ಲಿ ಒಂದು ತಳಿ ಹೆಸರು, ಗುಣಾಕಾರ ಚಿಹ್ನೆ (ಎರಡು ಗಿಡ ಕೂಡಿಸಿದ್ದಾರೆ ಅನ್ನೋ ಗುರುತು), ಆಮೇಲೆ ಸಸಿ ನಂಬರ್ (ಇನ್ನೂ ಹೆಸರಿಡದ ಸಸಿಗೆ ಕೊಟ್ಟ ನಂಬರ್) 4-61, ಬಣ್ಣದ ಜಾಗದಲ್ಲಿ ಎಚ್‌ಸಿಸಿ (ಹೂವಿನ ಬಣ್ಣ ಹೋಲಿಸಿ ನಂಬರ್ ಬರೆಯೋ ಒಂದು ಚಾರ್ಟಿನ ಚಿಕ್ಕ ಹೆಸರು) ಅಂತ ಬರೆದು ಒಂದು ನಂಬರ್, ಅಷ್ಟೇ. ಇಷ್ಟು ಚಿಕ್ಕ ಕಾರ್ಡಲ್ಲಿ ಎಷ್ಟು ಕಡೆ ಎಡವಬಹುದು ನೋಡಿ. ಇಂಕಲ್ಲಿ ಇರೋದು ನೋಂದಣಿ ಆದ ಹೆಸರು, ಪೆನ್ಸಿಲ್ಲಲ್ಲಿ ಇರೋದು ಯಾರೋ ಆಮೇಲೆ ಮಾಡಿದ ತಿದ್ದುಪಡಿ ಇರಬಹುದು, ಎರಡನ್ನೂ ಬೇರೆ ಬೇರೆ ಬರೀಬೇಕು, ಅದಕ್ಕೇ ಕಾರ್ಡು ಕಪ್ಪು ಬಿಳುಪಾಗಿ ಕಂಡ್ರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಇಲ್ಲಾಂದ್ರೆ ಇಂಕು ಪೆನ್ಸಿಲ್ ಒಂದೇ ಥರ ಕಾಣತ್ತೆ. ತಾರೀಕು ಏಪ್ರಿಲ್ 5ಆ ಮೇ 4ಆ ಅನ್ನೋದು ಬರೆದವರ ರೂಢಿ ಮೇಲೆ ಹೋಗತ್ತೆ, ಅದೇ ಕೈಬರಹದ ಬೇರೆ ಕಾರ್ಡಲ್ಲಿ 12ಕ್ಕಿಂತ ಜಾಸ್ತಿ ನಂಬರ್ ಯಾವ ಜಾಗದಲ್ಲಿ ಬಂದಿದೆ ನೋಡಿದ್ರೆ ಗೊತ್ತಾಗತ್ತೆ. ಗೊತ್ತಾದ್ಮೇಲೆ ಎರಡನೇ ಕಾಲಂನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ 1961-04-05 ಅಂತ ಹಾಕಿ. ಬರೀ ವರ್ಷ ಮಾತ್ರ ಇದ್ರೆ ಬರೀ ವರ್ಷ ಹಾಕಿ, ಜನವರಿ 1 ಅಂತ ತುಂಬಬೇಡಿ.

ಸಸಿ ನಂಬರ್ 4-61ನ ಎಕ್ಸೆಲ್‌ಗೆ ಹಾಗೇ ಹೊಡೆದ್ರೆ ಅದು ತಾನಾಗೇ ಏಪ್ರಿಲ್ 1961 ಅಂತ ಮಾಡ್ಕೊಳತ್ತೆ. 007 ಅಂತ ಹೊಡೆದ್ರೆ 7 ಉಳಿಯತ್ತೆ. ಶುರು ಮಾಡೋಕೆ ಮುಂಚೆನೇ ಎಲ್ಲಾ ಕಾಲಂನೂ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಇಟ್ಬಿಡಿ, ಆಟೋಕರೆಕ್ಟ್ ಆಫ್ ಮಾಡಿ, ಈ ಎರಡು ಮಾತ್ರ ಮರೀಬೇಡಿ ದಯವಿಟ್ಟು. ಎಕ್ಸೆಲ್ ಹೀಗೆ ಬದಲಾಯಿಸಿದ್ದು ಆಗ ಯಾರಿಗೂ ಗೊತ್ತಾಗಲ್ಲ, ವರ್ಷಗಳ ಮೇಲೆ ಗೊತ್ತಾಗತ್ತೆ.

ಬಣ್ಣದ ವಿಷಯ ನನಗೆ ತುಂಬಾ ಮುಖ್ಯ ಅನ್ಸೋದು. ಎಚ್‌ಸಿಸಿ ಅಂದ್ರೆ 1938ರಿಂದ ಬರೋಕೆ ಶುರುವಾದ ಹಳೇ ಹಾರ್ಟಿಕಲ್ಚರಲ್ ಕಲರ್ ಚಾರ್ಟ್. ಆರ್‌ಎಚ್‌ಎಸ್ (ಮೇಲೆ ಹೇಳಿದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ) ಕಲರ್ ಚಾರ್ಟ್ ಬಂದಿದ್ದು 1966ರಲ್ಲಿ, ಅದರ ನಂಬರ್ ಪದ್ಧತಿನೇ ಬೇರೆ, ಆಮೇಲೆ 1986, 1995, 2001, 2007, 2015ರಲ್ಲಿ ಹೊಸ ಆವೃತ್ತಿಗಳು ಬಂದ್ವು. ಹಾಗಾಗಿ ಬರೀ ನಂಬರ್ ಟೈಪ್ ಮಾಡಿದ್ರೆ ಅದಕ್ಕೆ ಅರ್ಥ ಇಲ್ಲ, ಯಾವ ಚಾರ್ಟು ಯಾವ ಆವೃತ್ತಿ ಅಂತ ಪಕ್ಕದಲ್ಲೇ ಇರ್ಬೇಕು. ಕಾರ್ಡಲ್ಲಿ ಬರೆದಿಲ್ಲ ಅಂದ್ರೆ ಆ ಕಾಲಂ ಖಾಲಿ ಬಿಡಿ. ಜೊತೆಗೆ ಅಂಟಿಸಿರೋ ಹಳೇ ಕಲರ್ ಫೋಟೋ ನೋಡಿ ಬಣ್ಣ ತೀರ್ಮಾನ ಮಾಡ್ಬೇಡಿ, ಫೋಟೋದ ಬಣ್ಣ ಕಾಲ ಹೋದ ಹಾಗೆ ಮಾಸಿ ಬೇರೆ ಕಡೆಗೆ ತಿರುಗತ್ತೆ, ಚಾರ್ಟ್ ನಂಬರ್ ತಿರುಗಲ್ಲ.

ತಂದೆ ತಾಯಿ ಗಿಡಕ್ಕೆ ಎರಡು ಬೇರೆ ಕಾಲಂ ಬೇಕು. ಸಾಮಾನ್ಯವಾಗಿ ಮೊದಲು ಬರೆಯೋದು ಬೀಜ ಕೊಟ್ಟ ಗಿಡ, ಎರಡನೇದು ಪರಾಗ ಕೊಟ್ಟಿದ್ದು. ಆದ್ರೆ ಬರೆದವರೆಲ್ಲ ಆ ಕ್ರಮ ಪಾಲಿಸಿದ್ದಾರೆ ಅಂತ ನಂಬ್ಕೋಬೇಡಿ, ಮೂಲ ಸಾಲನ್ನ ಹಾಗೇ ಒಂದು ಕಡೆ ಉಳಿಸಿ.

ಇನ್ನು ಪ್ರತಿ ತಳಿಗೂ ನಿಮ್ಮದೇ ಒಂದು ನಂಬರ್ ಕೊಡಿ, ತಂದೆ ತಾಯಿನ ಆ ನಂಬರಿಂದ ಜೋಡಿಸಿ, ಹೆಸರಿಂದ ಅಲ್ಲ. ಕಾರಣ, ಒಂದೇ ಗಿಡಕ್ಕೆ ಹೆಸರು ಎಷ್ಟೋ ಇರ್ತವೆ. ಪೀಸ್ ಅಂತ ಎಲ್ಲರಿಗೂ ಗೊತ್ತಿರೋ ಹಳದಿ ಗುಲಾಬಿ ಇದ್ಯಲ್ಲ, ಅದರ ತಳಿ ಹೆಸರು ಮದಾಮ್ ಎ. ಮೆಯಾಂ, ಜರ್ಮನಿಯಲ್ಲಿ ಗ್ಲೋರಿಯಾ ಡೇಯಿ, ಇಟಲಿಯಲ್ಲಿ ಜೋಯಿಯಾ. ಒಂದು ಕಾರ್ಡಲ್ಲಿ ಪೀಸ್ ಇನ್ನೊಂದರಲ್ಲಿ ಗ್ಲೋರಿಯಾ ಡೇಯಿ ಅಂತ ಇದ್ರೆ ಕಂಪ್ಯೂಟರ್ ಅದನ್ನ ಎರಡು ಗಿಡ ಅಂತಾನೇ ತಿಳ್ಕೊಳತ್ತೆ. ಹೆಸರುಗಳಿಗೇ ಒಂದು ಬೇರೆ ಶೀಟ್ ಮಾಡಿ, ಮಾರಾಟದ ಹೆಸರು, ತಿರಸ್ಕಾರ ಆದ ಹೆಸರು, ತಪ್ಪು ಸ್ಪೆಲ್ಲಿಂಗ್ ಎಲ್ಲಾ ಅಲ್ಲಿರ್ಲಿ, ಎಲ್ಲಾ ಒಂದೇ ತಳಿ ನಂಬರಿಗೆ ಸೇರ್ಲಿ. ಹುಡುಕೋರು ಯಾವ ಹೆಸರು ಹೊಡೆದ್ರೂ ಗಿಡ ಸಿಗತ್ತೆ.

ಸ್ಕ್ಯಾನ್ ಒಂದೇ ಸಾಲದು, ಟೈಪೂ ಬೇಕು; ಸ್ಕ್ಯಾನ್ ವಿಚಾರ ಬೇಗ ಹೇಳ್ಬಿಡ್ತೀನಿ. ಟೈಪ್ ಆಗಿರೋದಕ್ಕೆ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಸಾಕು, ಮಾಸಿದ ಪೆನ್ಸಿಲ್‌ಗೆ 400ರಿಂದ 600 ಇಡಿ. ಮೂಲ ಪ್ರತಿ ಟಿಫ್ (ಒಂದು ಥರದ ಚಿತ್ರದ ಫೈಲ್) ಆಗಿರ್ಲಿ, ದಿನಾ ನೋಡೋಕೆ ಪಿಡಿಎಫ್. ಕಾರ್ಡಿನ ಹಿಂಬದಿನೂ ಸ್ಕ್ಯಾನ್ ಮಾಡಿ, ಖಾಲಿ ಇದ್ರೂ ಸರಿ. ಫೈಲ್ ಹೆಸರಲ್ಲಿ ತಳಿ ಹೆಸರು ಬೇಡ, ಪೆಟ್ಟಿಗೆ ನಂಬರು ಕಾರ್ಡ್ ನಂಬರು ಸಾಕು. ಕೈಬರಹಕ್ಕೆ ಓಸಿಆರ್ (ಚಿತ್ರದಲ್ಲಿರೋ ಅಕ್ಷರನ ಕಂಪ್ಯೂಟರೇ ಓದೋ ಸಾಫ್ಟ್‌ವೇರ್) ನಂಬಿ ಕೂರಬೇಡಿ, ಅದರಲ್ಲೂ ತಳಿ ಹೆಸರುಗಳು ಯಾವ ಡಿಕ್ಷನರಿಯಲ್ಲೂ ಇರಲ್ಲ, ಅದು ಊಹೆ ಮಾಡತ್ತೆ. ಹೆಸರು, ತಾರೀಕು, ತಂದೆ ತಾಯಿ ಈ ಮೂರನ್ನ ಇಬ್ಬರು ಬೇರೆ ಬೇರೆ ಕೂತು ಟೈಪ್ ಮಾಡಿ, ಆಮೇಲೆ ಎರಡು ಶೀಟ್ ಹೋಲಿಸಿ, ಎಲ್ಲಿ ವ್ಯತ್ಯಾಸ ಬರತ್ತೋ ಅಲ್ಲಿ ಮಾತ್ರ ಕಾರ್ಡ್ ತೆಗೆದು ನೋಡಿ. ಕೆಲಸ ಡಬಲ್ ಆಗತ್ತೆ ನಿಜ, ಆದ್ರೂ ಇದಕ್ಕೆ ಸಮ ಬೇರೆ ದಾರಿ ಇಲ್ಲ.

ಪ್ರಶ್ನೆ: ನೋಂದಣಿ ಆಗಿರೋ ತಳಿ ಅಂದ್ರೆ ಬೇರೆಯವರು ಅದನ್ನ ಬೆಳೆಸಿ ಮಾರೋ ಹಾಗಿಲ್ಲ ಅಲ್ವಾ? ಹಾಗಿದ್ರೆ ದಾಖಲೆನೆಲ್ಲ ಎಲ್ಲರಿಗೂ ಕಾಣೋ ಹಾಗೆ ಇಡಬಹುದಾ?

ಉತ್ತರ: ಇಲ್ಲ, ಇವೆರಡು ಬೇರೆ. ಹೆಸರಿನ ನೋಂದಣಿಯಿಂದ ಯಾವ ಕಾನೂನು ಹಕ್ಕೂ ಬರಲ್ಲ, ಗಿಡ ಚೆನ್ನಾಗಿದೆ ಅನ್ನೋ ಸರ್ಟಿಫಿಕೇಟೂ ಅಲ್ಲ. ತಳಿ ಹಕ್ಕು ಬೇಕಂದ್ರೆ ಅದಕ್ಕೆ ಸರ್ಕಾರದ ಬೇರೆ ಕಾನೂನು, ಬೇರೆ ಅರ್ಜಿ. ಹೆಸರು, ತಾರೀಕು, ವಂಶ, ವರ್ಣನೆ ಇವೆಲ್ಲ ತೆರೆದಿಡೋದೇ ಒಳ್ಳೇದು, ನೋಂದಣಿ ಇರೋದೇ ಅದಕ್ಕೆ. ಆದ್ರೆ ಅರ್ಜಿ ಫಾರಂನಲ್ಲಿ ಮನೆ ವಿಳಾಸ, ಫೋನ್ ನಂಬರ್, ಕೆಲವೊಮ್ಮೆ ಸ್ವಂತ ಪತ್ರಗಳೂ ಇರ್ತವೆ, ಅವನ್ನ ಒಳಗಿನ ಪ್ರತಿಯಲ್ಲಿ ಮಾತ್ರ ಇಡಿ. ಫೋಟೋ ಹಾಕೋ ಮುಂಚೆ ತೆಗೆದವರ ಒಪ್ಪಿಗೆ ಕೇಳಿ.

ಪ್ರಶ್ನೆ: ಎಲ್ಲಾ ಸ್ಕ್ಯಾನ್ ಆದ್ಮೇಲೆ ಕಾಗದ ಬಿಸಾಕಬಹುದಾ? ಜಾಗ ಇಲ್ಲ.

ಉತ್ತರ: ಖಂಡಿತ ಬೇಡ. ಪೆನ್ಸಿಲ್ ಗುರುತು, ಹೊಡೆದು ಹಾಕಿದ ಅಕ್ಷರ, ಒತ್ತಿಟ್ಟ ಹೂವಿನ ದಳ ಇವೆಲ್ಲ ಸ್ಕ್ಯಾನಲ್ಲಿ ಪೂರ್ತಿ ಬರಲ್ಲ. ಹರಿದಿದ್ದಕ್ಕೆ ಸೆಲ್ಲೋಟೇಪ್ ಹಚ್ಬೇಡಿ, ಲ್ಯಾಮಿನೇಷನ್ನಂತೂ ಬೇಡವೇ ಬೇಡ, ತುಕ್ಕು ಹಿಡಿದ ಪಿನ್ನು ಸ್ಟೇಪಲ್ಲು ನಿಧಾನಕ್ಕೆ ತೆಗೆದು ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಇಡಿ. ಯಾವ ಕಾರ್ಡು ಯಾವ ಪೆಟ್ಟಿಗೆಯಲ್ಲಿದೆ ಅನ್ನೋದು ಶೀಟಲ್ಲಿ ಒಂದು ಕಾಲಂ ಆಗಿರ್ಲಿ. ಫೈಲುಗಳಿಗೆ ಮೂರು ಪ್ರತಿ ಮಾಡಿ, ಎರಡು ಬೇರೆ ಬೇರೆ ಥರದ ಡಿಸ್ಕಲ್ಲಿ, ಒಂದಂತೂ ಬೇರೆ ಕಟ್ಟಡದಲ್ಲಿ. ವರ್ಷಕ್ಕೊಮ್ಮೆ ಅವನ್ನ ತೆರೆದು ನೋಡೋ ಕೆಲಸ ಯಾರದು ಅಂತ ಸಂಘದ ಮೀಟಿಂಗಲ್ಲೇ ತೀರ್ಮಾನ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ.