ಕೇರ್ ಹೋಮಲ್ಲಿ ಸಿಸ್ಟರ್ ಮಾತು ನಡೆಯೋದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಈಗ ಪುಣೆಯ ಕೋಥ್ರೂಡ್ ಕಡೆ ಒಂದು ವೃದ್ಧರ ಕೇರ್ ಹೋಮಲ್ಲಿ ಸಿಸ್ಟರ್ ಇನ್‌ಚಾರ್ಜ್ ಆಗಿದೀನಿ. ಡಾಕ್ಟರ್ ವಾರಕ್ಕೊಂದ್ಸಲ ಬರ್ತಾರೆ, ಉಳಿದ ದಿನ ಎಲ್ಲಾ ನಮ್ಮ ತಲೆ ಮೇಲೆ. ಅಮೆರಿಕದಲ್ಲಿ ಇದನ್ನೆಲ್ಲಾ ನರ್ಸ್ ಪ್ರಾಕ್ಟೀಷನರ್‌ಗಳೇ (ಹೆಚ್ಚಿನ ಕೋರ್ಸ್ ಮಾಡಿ ಪೇಷಂಟ್ ಪರೀಕ್ಷೆ, ಚಿಕಿತ್ಸೆ ತಾವೇ ಮಾಡೋ ನರ್ಸ್‌ಗಳು) ನೋಡ್ಕೋತಾರಂತೆ. ಆ ಕೋರ್ಸ್ ಮಾಡ್ಲಾ?

ಉತ್ತರ: ಕೋರ್ಸ್ ವಿಷಯ ಮೊದ್ಲು ಮುಗಿಸ್ತೀನಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ತಂದಿರೋ 2 ವರ್ಷದ ನರ್ಸ್ ಪ್ರಾಕ್ಟೀಷನರ್ ಪಿಜಿ ಕ್ರಿಟಿಕಲ್ ಕೇರ್‌ದು, ಅಂದ್ರೆ ಐಸಿಯು ಕೆಲಸಕ್ಕೆ, ಇನ್ನೊಂದು ಹೆರಿಗೆ ಕಡೆದು, ನಿಮ್ಮ ಅಜ್ಜ ಅಜ್ಜಿಯರಿಗೆ ಎರಡೂ ಸರಿಹೊಂದಲ್ಲ. ಅಮೆರಿಕದಲ್ಲಿ ಇದು 1965ರಲ್ಲಿ ಕೊಲರಾಡೋದಲ್ಲಿ ಲೊರೆಟಾ ಫೋರ್ಡ್ ಅನ್ನೋ ನರ್ಸ್, ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದ್ದು, ಈಗ ಅಲ್ಲಿ ಅವರು ಔಷಧಿನೂ ಬರೀತಾರೆ. ನೀವಿಲ್ಲಿ ಸ್ವಂತಕ್ಕೆ ಮಾತ್ರೆ ಬದಲಿಸೋ ಹಾಗಿಲ್ಲ.

ಆದ್ರೂ ಅವರ ಕೆಲಸದಲ್ಲಿ ಅರ್ಧ ನೀವು ಇವತ್ತೇ ಶುರು ಮಾಡ್ಬಹುದು. ಬೀಳೋದ್ರಿಂದ ಶುರು ಮಾಡಿ. ಯಾರು ಬಿದ್ರು, ಎಷ್ಟು ಗಂಟೆಗೆ, ರಾತ್ರಿ ಯಾವ ಮಾತ್ರೆ ತಗೊಂಡಿದ್ರು ಅಂತ ಒಂದು ವಹಿಯಲ್ಲಿ ಬರೀರಿ, ಮಲಗಿದ್ದಾಗ ಒಂದು ಬಿಪಿ, ಎದ್ದು ನಿಂತ ಮೇಲೆ ಇನ್ನೊಂದು. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದ್ರೆ ಬಿಪಿ ಮಾತ್ರೆನೋ ನಿದ್ದೆ ಮಾತ್ರೆನೋ ನೋಡ್ಬೇಕು, ನೀರು ಸಾಲ್ತಿದೆಯಾ ಅದನ್ನೂ. "ಸರ್, ಅಜ್ಜಿಗೆ ತಲೆ ಸುತ್ತು" ಅಂದ್ರೆ ಡಾಕ್ಟರ್ ಇನ್ನೊಂದು ಮಾತ್ರೆ ಬರೀತಾರೆ (ನಾನು ಎಷ್ಟೋ ಕಡೆ ನೋಡಿದೀನಿ), ಅದೇ ಅಂಕಿ ಮುಂದಿಟ್ಟು "ನಿದ್ದೆಗೆ ಕೊಡೋ ಆಲ್ಪ್ರಜೋಲಾಮ್ ಕಮ್ಮಿ ಮಾಡ್ಬಹುದಾ" ಅಂತ ಕೇಳಿದ್ರೆ ಯೋಚನೆ ಮಾಡ್ತಾರೆ. ನೀವಾಗೇ ನಿಲ್ಲಿಸ್ಬೇಡಿ ಮತ್ತೆ, ಬಹಳ ದಿನ ತಗೊಂಡಿದ್ದನ್ನ ಗಕ್ಕನೆ ಬಿಡಿಸಿದ್ರೆ ಫಿಟ್ಸ್ ಬರಬಹುದು.

ಆಮೇಲೆ ಮಾವಶಿಗಳು, ಅಂದ್ರೆ ಆಯಾಗಳು. ಸ್ನಾನ ಮಾಡಿಸೋರು ಅವರು, ಬೆನ್ನು ಕೆಂಪಾಗಿದ್ದು, ನಿನ್ನೆ ಮಾತಾಡ್ತಿದ್ದ ಅಜ್ಜ ಇವತ್ತು ಮಂಕಾಗಿದ್ದು ಮೊದಲು ಗೊತ್ತಾಗೋದು ಅವರಿಗೇ, ಆದ್ರೆ ಕೇಳೋರಿಲ್ಲ. ಶಿಫ್ಟ್ ಬದಲಾಗೋವಾಗ ಐದು ನಿಮಿಷ ಅವರನ್ನ ಮರಾಠಿಯಲ್ಲೇ ಕೇಳಿ, ಹಾಗೆ ಮಂಕಾದವರಿಗೆ ಯೂರಿನ್ ಇನ್ಫೆಕ್ಷನ್, ಮಲಬದ್ಧತೆ ಇದೆಯಾ ನೋಡಿ. ಬೇಗ ಸಿಕ್ರೆ ಎಷ್ಟೋ ಸಲ ಆಂಬುಲೆನ್ಸೇ ಬೇಕಾಗಲ್ಲ. ಬೆಡ್‌ಸೋರ್ (ಮಲಗಿದ್ದಲ್ಲೇ ಆಗೋ ಹುಣ್ಣು) ಯಾರಿಗೆ ಆಗಬಹುದು ಅಂತ ಅಂಕ ಹಾಕಿ ನೋಡೋಕೆ ಬ್ರೇಡನ್ ಸ್ಕೇಲ್ ಇದೆ, ಆರೇ ಐಟಂ, ಕಾಲೇಜಲ್ಲಿ ಓದಿರ್ತೀರಿ.

ಇನ್ನೊಂದು, ಜ್ವರ ಬಂದ್ರೆ, ಶುಗರ್ 70ಕ್ಕಿಂತ ಕೆಳಗೆ ಹೋದ್ರೆ ಏನು ಮಾಡ್ಬೇಕು, ಯಾವಾಗ ಫೋನ್ ಮಾಡ್ಬೇಕು ಅಂತ ಡಾಕ್ಟರ್ ಸಹಿ ಹಾಕಿದ ಸ್ಟ್ಯಾಂಡಿಂಗ್ ಆರ್ಡರ್ ತಗೊಳ್ಳಿ, ಬಾಯಿಮಾತು ಬೇಡ. ಇಷ್ಟೆಲ್ಲಾ ಮೈಮೇಲೆ ಹಾಕ್ಕೊಳ್ಳೋ ಮುಂಚೆ ಮ್ಯಾನೇಜ್‌ಮೆಂಟ್ ಜೊತೆ ಪಗಾರದ ಮಾತೂ ಆಡ್ಬಿಡಿ.