ಒಂದೇ ಬೆಲೆ ಬಾಳುವ ಎರಡು ಮನೆಗಳಿಗೆ ಆಸ್ತಿ ತೆರಿಗೆ ಬೇರೆ ಬೇರೆ ಯಾಕೆ?

ಸಾಮಾನ್ಯವಾಗಿ ದಾಖಲೆಯಲ್ಲಿರುವ ಬೆಲೆ ಹಳೆಯದಾಗಿರುವುದೇ ಕಾರಣ. ತೆರಿಗೆ ಹಾಕುವುದು ಆ ಬೆಲೆಯ ಮೇಲೆ, ಇವತ್ತಿನ ಮಾರುಕಟ್ಟೆ ಬೆಲೆಯ ಮೇಲಲ್ಲ. ವರ್ಷಗಟ್ಟಲೆ ಮರುಲೆಕ್ಕ ಮಾಡದಿದ್ದರೆ, ಹೊಸ ರಸ್ತೆಯೋ ರೈಲೋ ಬಂದು ಬೆಲೆ ಏರಿದ ಬಡಾವಣೆಯವರು ಹಳೇ ಲೆಕ್ಕದಲ್ಲೇ ಕಡಿಮೆ ಕಟ್ಟುತ್ತಾರೆ. ಬೆಲೆ ಏರದ ಕಡೆಯವರು ತಮ್ಮ ಪಾಲಿಗಿಂತ ಜಾಸ್ತಿ ಹೊರುತ್ತಾರೆ. ಅನುಕೂಲ ಒಬ್ಬರಿಗೆ, ಹೊರೆ ಇನ್ನೊಬ್ಬರಿಗೆ. ಇದು ಅನ್ಯಾಯ ಅಲ್ವಾ?

ಕೆಲವು ಕಡೆ ಕಾನೂನೇ ಹಾಗಿದೆ. ಕ್ಯಾಲಿಫೋರ್ನಿಯಾದಲ್ಲಿ 1978ರ 'ಪ್ರೊಪೊಸಿಷನ್ 13' ಎಂಬ ಕಾನೂನಿನ ಪ್ರಕಾರ, ಮನೆ ಕೈ ಬದಲಾಗುವ ತನಕ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಹೊಸದಾಗಿ ಕೊಂಡವರು ಪಕ್ಕದ ಮನೆಯ ಹಳಬರಿಗಿಂತ ಎಷ್ಟೋ ಪಟ್ಟು ಕಟ್ಟುವುದುಂಟು. ಏರುವ ತೆರಿಗೆ ಕಟ್ಟಲಾಗದ ವಯಸ್ಸಾದವರಿಗೆ ರಕ್ಷಣೆ ಖಂಡಿತ ಬೇಕು. ಅದನ್ನು ನೇರವಾಗಿ ರಿಯಾಯಿತಿ ಎಂದೇ ಕೊಡಬಹುದು.