ಆಭಾ ನಂಬರ್ (ಆರೋಗ್ಯ ದಾಖಲೆಗಳಿಗಾಗಿ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಮಾಡಿಸಿದರೆ ನಮ್ಮ ರಿಪೋರ್ಟ್‌ಗಳೆಲ್ಲಾ ಸರ್ಕಾರದ ಕಂಪ್ಯೂಟರಿಗೆ ಹೋಗಿಬಿಡುತ್ತವಾ?

ಇಲ್ಲ. ರಿಪೋರ್ಟ್ ಎಲ್ಲಿ ತಯಾರಾಯಿತೋ ಆ ಆಸ್ಪತ್ರೆ ಅಥವಾ ಲ್ಯಾಬ್‌ನಲ್ಲೇ ಉಳಿಯುತ್ತದೆ. ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕುವುದಿಲ್ಲ.

ಕೋವಿಡ್ ಸಮಯದಲ್ಲಿ ಲಸಿಕೆಯ ಸರ್ಟಿಫಿಕೇಟ್ ಮೊಬೈಲ್‌ಗೇ ಬಂತು, ಅಲ್ವಾ? ಆಮೇಲೆ 2021ರ ಸೆಪ್ಟೆಂಬರ್‌ನಲ್ಲಿ, ಆರೋಗ್ಯ ದಾಖಲೆಗಳನ್ನೂ ಹೀಗೆ ಡಿಜಿಟಲ್ ಆಗಿ ಸಿಗುವಂತೆ ಮಾಡುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಕೇಂದ್ರ ಸರ್ಕಾರದ ಯೋಜನೆ ದೇಶದಾದ್ಯಂತ ಶುರುವಾಯಿತು. ಅದು ಕೊಡುವ 14 ಅಂಕಿಯ ಆಭಾ ನಂಬರ್ ಬರೀ ಒಂದು ಗುರುತು. ಬೇರೆ ಬೇರೆ ಕಡೆ ಇರುವ ದಾಖಲೆಗಳು ಒಬ್ಬರದೇ ಎಂದು ಹೊಂದಿಸಲು ಬೇಕು, ಅಷ್ಟೇ. ಹೊಸ ಡಾಕ್ಟರ್ ಹಳೆಯ ರಿಪೋರ್ಟ್ ನೋಡಬೇಕೆಂದರೆ ನಿಮ್ಮ ಮೊಬೈಲ್‌ನಲ್ಲಿರುವ ಆಭಾ ಆ್ಯಪ್‌ಗೆ ಕೋರಿಕೆ ಬರುತ್ತದೆ. ಯಾವ ದಾಖಲೆ, ಎಷ್ಟು ದಿನದ ಮಟ್ಟಿಗೆ ಎಂದು ನೋಡಿ ನೀವು ಒಪ್ಪಿದರೆ ಮಾತ್ರ ಅದು ಅವರಿಗೆ ಸಿಗುತ್ತದೆ. (ಓದದೆ ಸುಮ್ನೆ ಒಪ್ಪಿಗೆ ಒತ್ತುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದು ಬೇರೆ ಮಾತು.)

ಅಂದಹಾಗೆ, ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡೇ ಬೇರೆ. ಆಭಾ ಇದ್ದ ಮಾತ್ರಕ್ಕೆ ಬಿಲ್ ಕಡಿಮೆಯಾಗುವುದಿಲ್ಲ.